ಅತ್ತೆ ಟೀ ಕುಡಿದ ವ್ಯಾನು

ನಗರದ ಬಸ್ಸು ಓಡಿಸುವ ಆ ಹೆಂಗಸು ತನ್ನ ಹಳೇ ವ್ಯಾನನ್ನು ಹಿಮ್ಮುಖವಾಗಿ ಷೆಡ್ಡಿನೊಳಗೆ ತಂದು ನಿಲ್ಲಿಸಿದ ಪರಿ ನೋಡಿಯೇ ರಿಪೇರಿ ಮೇಸ್ತ್ರಿಗೆ ಗೌರವ ಹುಟ್ಟಿತು. ಎರಡೂ ಕಡೆ ಒಂದೊಂದು ಗೇಣು ಜಾಗ, ಒಂದೇ ಸಲಕ್ಕೆ ಒಳಗೆ. ಇಳಿದವಳು ಸಮವಸ್ತ್ರದಲ್ಲೇ ಇದ್ದಳು, ಪಾಳಿ ಮುಗಿಸಿ ನೇರ ಬಂದಿದ್ದಳು.

"ಚಾವಣಿ ನೀವೇ ಎತ್ತಿ ನೋಡಿ. ನನಗೆ ಈಗ ಏನೂ ಗೊತ್ತಾಗಲ್ಲ" ಎಂದಳು. "ಆರು ವಾರದಿಂದ ಸೋಪು, ವಿನೆಗರು, ಅಂಗಡಿಯವರು ಕೊಟ್ಟಿದ್ದೆಲ್ಲ ಹಾಕಿ ಉಜ್ಜಿ ಉಜ್ಜಿ ನನ್ನ ಮೂಗೇ ಸತ್ತುಹೋಗಿದೆ."

ಮೂಗು ಸತ್ತುಹೋಗಿದೆ ಎಂಬ ಮಾತನ್ನು ಅವಳು ಹಗುರವಾಗಿ ಆಡಿದಳು. ಮೇಸ್ತ್ರಿ ಮಾತ್ರ ಕೈಯಲ್ಲಿದ್ದ ಸ್ಪ್ಯಾನರನ್ನು ಅಗತ್ಯಕ್ಕಿಂತ ಜೋಪಾನವಾಗಿ ಮೇಜಿನ ಮೇಲಿಟ್ಟ.

ಅದು ಚಾವಣಿ ಮೇಲೇಳುವ ವ್ಯಾನು. ಒಳಗಿನಿಂದ ಎರಡು ಕೊಂಡಿ ಬಿಚ್ಚಿ ತಳ್ಳಿದರೆ ಫೈಬರ್ ಮುಚ್ಚಳ ಎದ್ದು ನಿಲ್ಲುತ್ತದೆ. ಸುತ್ತ ಮಡಚಿಟ್ಟ ಕ್ಯಾನ್ವಾಸ್ ಬಟ್ಟೆ ಗೋಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ನಡುವೆ ಒಂದು ಹಲಗೆಯ ಹಾಸಿಗೆ. ಮೂರು ಕಡೆ ಬಟ್ಟೆಯ ಕಿಟಕಿ. ಬಟ್ಟೆ ಒದ್ದೆಯಾಗಿರುವಾಗ ಒಂದೇ ಒಂದು ಸಲ ಮುಚ್ಚಿ ಮರೆತರೆ ಸಾಕು, ಮಡಿಕೆ ಮಡಿಕೆಯಲ್ಲೂ ಬೂಷ್ಟು ಸಂಸಾರ ಹೂಡಿಬಿಡುತ್ತದೆ. ಈ ವ್ಯಾನು ಹಾಗೆ ಮುಚ್ಚಿಕೊಂಡು ಎರಡು ಮಳೆಗಾಲ ನಿಂತಿತ್ತು.

"ಅಪ್ಪನಿಗೋಸ್ಕರ" ಎಂದಳು ಡ್ರೈವರಮ್ಮ. "ನಲವತ್ತು ವರ್ಷ ಸಮಾಧಿ ಕಲ್ಲಿನ ಮೇಲೆ ಹೆಸರು ಕೆತ್ತಿದವರು. ಆ ಪುಡಿಯೆಲ್ಲ ಶ್ವಾಸಕೋಶದಲ್ಲಿದೆ. ಮನೇಲಿ ಮಲಗಿದ್ರೆ ಗೋಡೆ ಮೈಮೇಲೆ ಬರುತ್ತೆ ಅಂತಾರೆ. ಸಮುದ್ರದ ಪಕ್ಕ ಇದನ್ನ ನಿಲ್ಲಿಸಿ, ಮೇಲಿನ ಹಾಸಿಗೆಯಲ್ಲಿ ಮಲಗಬೇಕಂತೆ. ಅದೊಂದೇ ಹಟ. ಶನಿವಾರದಿಂದ ಒಂಬತ್ತು ದಿನ ರಜೆ ಸಿಕ್ಕಿದೆ. ಆದ್ರೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ, ಬೂಷ್ಟು ಇರೋ ಕಡೆ ಒಂದು ರಾತ್ರಿ ಮಲಗಿದ್ರೂ ಅವರನ್ನ ಆಸ್ಪತ್ರೆಗೇ ಕರ್ಕೊಂಡು ಬರಬೇಕಾಗುತ್ತೆ, ಆಮೇಲೆ ವಾಪಸ್ ಕರ್ಕೊಂಡು ಹೋಗ್ತೀರೋ ಇಲ್ವೋ ಹೇಳಕ್ಕಾಗಲ್ಲ ಅಂತ. ಅದಕ್ಕೇ ನಿಮ್ಮ ಹತ್ರ ಬಂದೆ. ನಿಮ್ಮ ಮೂಗಿನ ವಿಷಯ ಡಿಪೋದಲ್ಲಿ ಎಲ್ಲರೂ ಹೇಳ್ತಾರೆ."

ಹೇಳದೆ ಏನು! ಮೇಸ್ತ್ರಿಯ ಮೂಗು ಆ ಬೀದಿಗೆ ಒಂದು ಹೆಮ್ಮೆ. ವ್ಯಾನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ನೂರು ಎಣಿಸಿ ಹೊರಗೆ ಬಂದನೆಂದರೆ, ನೀರು ಎಲ್ಲಿಂದ ಇಳಿಯುತ್ತಿದೆ, ಎಷ್ಟು ತಿಂಗಳಾಯಿತು, ಹಲಗೆ ಕೊಳೆತಿದೆಯೋ ಬಟ್ಟೆಯೋ, ಎಲ್ಲ ಹೇಳುತ್ತಿದ್ದ. ಒಮ್ಮೆ ಯಾರದೋ ವ್ಯಾನಿನಲ್ಲಿ ಕೂತೆದ್ದು, "ಇಲ್ಲಿ ಮೂರು ವರ್ಷದ ಹಿಂದೆ ಹಾಲು ಚೆಲ್ಲಿದೆ" ಎಂದಿದ್ದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, "ಎರಡೂವರೆ" ಎಂದಿದ್ದರು.

ಅದೆಲ್ಲ ಹಿಂದಿನ ಮಾತು. ಎರಡು ವರ್ಷದ ಕೆಳಗೆ ಬಂದ ಒಂದು ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ವಾರದಲ್ಲಿ ಬರುತ್ತದೆ, ತಿಂಗಳಲ್ಲಿ ಬರುತ್ತದೆ ಎಂದು ಕಾದ. ಬರಲಿಲ್ಲ. ಸೋಪು, ಪೆಟ್ರೋಲು, ಹೆಂಡತಿಯ ತಲೆಗೂದಲು, ಎಲ್ಲವೂ ಒಂದೇ ಆದವು, ಅಂದರೆ ಏನೂ ಅಲ್ಲದಾದವು. ವಿಷಯ ಗೊತ್ತಿದ್ದುದು ಹೆಂಡತಿಗೊಬ್ಬಳಿಗೆ. "ಅಮ್ಮನಿಗಾದ್ರೂ ಹೇಳಿಬಿಡಿ, ದಿನಾ ಷೆಡ್ಡಿಗೆ ಬರ್ತಾಳೆ" ಎಂದು ಅವಳು ಹೇಳಿ ಹೇಳಿ ಸೋತಿದ್ದಳು. "ನಿಮ್ಮಮ್ಮನಿಗೆ ಹೇಳೋದೂ ಒಂದೇ, ಮೈಕು ಕಟ್ಟಿಸೋದೂ ಒಂದೇ" ಎಂದು ಮೇಸ್ತ್ರಿ ಬಾಯಿ ಮುಚ್ಚಿಸುತ್ತಿದ್ದ.

ಆದರೂ ಅವನ ಕೆಲಸ ನಿಂತಿರಲಿಲ್ಲ. ಕೈಯಿತ್ತು, ಕಣ್ಣಿತ್ತು, ಸೂಜಿ ಚುಚ್ಚಿ ತೇವ ಅಳೆಯುವ ಯಂತ್ರವಿತ್ತು. ಯಂತ್ರದ ತೊಂದರೆಯೆಂದರೆ ಅದು ತೇವವನ್ನಷ್ಟೇ ತೋರಿಸುತ್ತದೆ. ಬೂಷ್ಟು ಒಣಗಿ ಕೂತಿದ್ದರೆ ಅದಕ್ಕೆ ಕಾಣುವುದಿಲ್ಲ. ಅಂಥದ್ದನ್ನು ಪತ್ತೆ ಮಾಡಲು ಮೂಗೇ ಬೇಕು. ಆ ಮೂಗನ್ನು ಮೇಸ್ತ್ರಿ ತನ್ನ ಅತ್ತೆಯಿಂದ ತೆಗೆದುಕೊಳ್ಳುತ್ತಿದ್ದ, ಅತ್ತೆಗೇ ತಿಳಿಯದ ಹಾಗೆ.

ಅತ್ತೆ ದಿನಾ ಹನ್ನೊಂದಕ್ಕೆ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದರು. ದೂರುವುದು ಅವರ ಹುಟ್ಟುಗುಣ. ಬಿಸಿಲು ಜಾಸ್ತಿ, ಗಾಳಿ ಜಾಸ್ತಿ, ಅಳಿಯನ ಮಾತು ಕಮ್ಮಿ. "ಅತ್ತೆ, ಒಳಗೆ ಸೀಟಿದೆ, ಕೂತು ಕುಡೀರಿ" ಎಂದು ಮೇಸ್ತ್ರಿ ಕರೆಯುತ್ತಿದ್ದ. ಅವರು ಹೊಸ್ತಿಲಲ್ಲೇ "ಥೂ" ಎಂದು ಹಿಂದಿರುಗಿದರೆ ಕೆಲಸ ಇನ್ನೂ ಶುರುವೇ ಆಗಿಲ್ಲವೆಂದು ಅರ್ಥ. ಕೂತು, ಕರವಸ್ತ್ರ ಮೂಗಿಗೆ ಒತ್ತಿಕೊಂಡರೆ ಅರ್ಧ ಆಗಿದೆ. ಒಂದು ಲೋಟ ಮುಗಿಸಿ, "ಏನೋ ಹಳೇ ಪೆಟ್ಟಿಗೆಯಲ್ಲಿ ಕೂತ ಹಾಗಿದೆಯಪ್ಪ" ಎಂದು ಹೊರಗೆ ಬಂದರೆ ಇನ್ನೊಂದು ದಿನದ ಕೆಲಸ. ಎರಡನೇ ಲೋಟವನ್ನೂ ಒಳಗೇ ಕೂತು ಕುಡಿದರೋ, ವ್ಯಾನು ಮಾಲೀಕರಿಗೆ. ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಸೋಮವಾರ ಮೇಸ್ತ್ರಿ ಚಾವಣಿ ಎತ್ತಿ ಹಾಸಿಗೆಯ ಸ್ಪಂಜನ್ನು ತೆಗೆದು ಎಸೆದ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಲಗೆಯ ಅಡಿಯನ್ನು ಉಜ್ಜಿದ. ಕ್ಯಾನ್ವಾಸಿನ ಹೊಲಿಗೆಯುದ್ದಕ್ಕೂ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು. ಬ್ಲೀಚು ಹಾಕಿದರೆ ಚುಕ್ಕೆ ಹೋಗುತ್ತದೆ, ಜೊತೆಗೆ ಹೊಲಿಗೆಯ ದಾರವೂ ಹೋಗುತ್ತದೆ. ಹಾಗಾಗಿ ವಿನೆಗರಿಗೆ ನೀರು ಬೆರೆಸಿ, ಮೆತ್ತನೆಯ ಬ್ರಷ್ಷಿನಲ್ಲಿ ಅಂಗುಲ ಅಂಗುಲವಾಗಿ ತಿಕ್ಕಿದ, ತೊಳೆದ, ಬಿಸಿಲಿಗೆ ಬಿಟ್ಟ. ಚಾವಣಿಯ ಮುಂಭಾಗದ ಕೀಲಿನ ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು, ನೀರು ಅಲ್ಲಿಂದಲೇ ಬಂದಿದ್ದು. ಅದನ್ನು ಬಿಗಿದು ಹೊಸ ರಬ್ಬರು ಹಾಕಿದ. ಕೀಲಿನ ಪಕ್ಕದಲ್ಲಿ ಫೈಬರಿಗೆ ಅಂಟಿಸಿದ ಅಸ್ತರು ಬಟ್ಟೆ ಒಣಗಿತ್ತು. ಯಂತ್ರವೂ ಒಣಗಿದೆ ಎಂದಿತು. ಅಲ್ಲಿ ಒಂದು ಕ್ಷಣ ಅವನ ಕೈ ನಿಂತಿತು. ಬಿಚ್ಚಿದರೆ ಆ ಬಟ್ಟೆ ಮತ್ತೆ ಕೂರುವುದಿಲ್ಲ, ಹರಿದುಹೋಗುತ್ತದೆ. ನೋಡೋಣ, ಅತ್ತೆ ಏನನ್ನುತ್ತಾರೋ ಎಂದುಕೊಂಡ.

ಮಂಗಳವಾರ ಅತ್ತೆ ಕರವಸ್ತ್ರ ಒತ್ತಿಕೊಂಡರು. ಬುಧವಾರ ಒಂದು ಲೋಟ ಕುಡಿದು ಹೊರಗೆ ಬಂದರು.

ಗುರುವಾರ ಡ್ರೈವರಮ್ಮ ಪಾಳಿಗೆ ಹೋಗುವಾಗ ಅಪ್ಪನನ್ನು ಷೆಡ್ಡಿನಲ್ಲಿ ಬಿಟ್ಟುಹೋದಳು. "ನೋಡಲೇಬೇಕಂತೆ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ವ್ಯಾನಿನೊಳಗೆ ಮಾತ್ರ ಬಿಡಬೇಡಿ." ಅಗಲ ಹೆಗಲಿನ, ಕೈಬೆರಳು ಕಲ್ಲಿನಂತೆಯೇ ಗಟ್ಟಿಯಾದ ಮುದುಕ. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಕುರ್ಚಿ ಹಾಕಿಕೊಟ್ಟ ಮೇಲೂ ಎದೆ ಹಳೇ ಬಾಗಿಲಿನ ಹಾಗೆ ಸದ್ದು ಮಾಡುತ್ತಲೇ ಇತ್ತು.

ವ್ಯಾನಿನ ಮೆಟ್ಟಿಲ ಮೇಲೆ ಕೂತ ಅತ್ತೆ ಸ್ವಲ್ಪ ಹೊತ್ತು ಕೇಳಿ, "ಏನ್ರೀ, ಉಸಿರಾಡೋದಕ್ಕೂ ಇಷ್ಟು ಗಲಾಟೆ ಬೇಕಾ?" ಎಂದರು.

"ಬಾಡಿಗೆ ಉಸಿರು ತಾಯಿ. ಕೇಳಿದಷ್ಟು ಸಿಗಲ್ಲ, ಸಿಕ್ಕಿದ್ದಕ್ಕೆ ಸದ್ದು ಜಾಸ್ತಿ."

"ಎಷ್ಟು ಜನರ ಹೆಸರು ಕೆತ್ತಿದ್ದೀರೋ?"

"ಯಾರಿಗೆ ನೆನಪು? ಒಬ್ಬೊಬ್ಬರದೂ ಒಂದೊಂದು ಚಿಟಿಕೆ ಪುಡಿ ಎದೆಯೊಳಗಿದೆ. ಹೋಗೋವಾಗ ದೊಡ್ಡ ಮೆರವಣಿಗೆ."

ಅತ್ತೆ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ಟೀ ಬಗ್ಗಿಸಿದರು. ಮೇಸ್ತ್ರಿ ಹಿಂದುಗಡೆ ಹೊಲಿಗೆಗೆ ಮೇಣ ಹಚ್ಚುತ್ತಿದ್ದ. ಬಟ್ಟೆ ಒಣಗಿಸುವ ಫ್ಯಾನಿನ ಸದ್ದಿನಲ್ಲಿ ಆಮೇಲಿನ ಮಾತು ಅವನಿಗೆ ಕೇಳಿಸಲಿಲ್ಲ. ಕಾಣಿಸಿದ್ದು ಇಷ್ಟೇ: ಅತ್ತೆ ವ್ಯಾನಿನೊಳಗೆ ಹೋದರು, ಸೀಟಿನಲ್ಲಿ ಆರಾಮವಾಗಿ ಕೂತರು, ಒಂದು ಲೋಟ ಕುಡಿದರು, ಎರಡನೆಯದನ್ನೂ ಕುಡಿದರು. ಲೋಟ ತೊಳೆದಿಟ್ಟು, "ಬಿಸಿಲು ಜಾಸ್ತಿಯಪ್ಪ ಇವತ್ತು" ಎಂದು ಮನೆಗೆ ಹೋದರು. ಮೇಸ್ತ್ರಿಯ ಎದೆ ಹಗುರವಾಯಿತು.

ಶುಕ್ರವಾರ ಮಧ್ಯಾಹ್ನ ಡ್ರೈವರಮ್ಮ ವ್ಯಾನು ಒಯ್ಯಲು ಬಂದಳು. ಮೇಸ್ತ್ರಿ ಎಂದಿನಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೂರು ಎಣಿಸಿ ಹೊರಬಂದ.

"ಏನು ಹೇಳುತ್ತೆ ಮೂಗು?"

"ಏನೂ ಇಲ್ಲಮ್ಮ. ಧೈರ್ಯವಾಗಿ ಕರ್ಕೊಂಡು ಹೋಗಿ."

ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಸ್ಟೀರಿಂಗು ತಿರುಗಿಸಿ ಗಟ್ಟಿಯಾದ ಅಂಗೈ. ಆಮೇಲೆ ವ್ಯಾನು ತೆಗೆದುಕೊಂಡು ಹೋದಳು.

ಆ ಸಂಜೆ ಇನ್ನೂ ಬೆಳಕಿರುವಾಗಲೇ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮೇಸ್ತ್ರಿಗೆ ಊಟವೆಂದರೆ ಈಗ ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ, ಅಷ್ಟೇ. ಅತ್ತೆ ಊಟದ ಜೊತೆಗೆ ಬೀದಿಯ ಸುದ್ದಿಯನ್ನೆಲ್ಲ ಬಡಿಸುತ್ತಾ, ನಡುವೆ, "ಪಾಪ ಆ ಕಲ್ಲಿನ ಮುದುಕಪ್ಪ. ನಾಳೆ ಹೊರಡ್ತಾರಲ್ವಾ? ಹೋಗಿ ಬರಲಿ. ನನ್ನ ಹತ್ರ ಕೈ ಮುಗಿದುಬಿಟ್ರು ಕಣೇ" ಎಂದು ಮಗಳಿಗೆ ಹೇಳಿದರು.

"ಯಾಕೆ?"

"ನಾನು ಮೆಟ್ಟಿಲ ಮೇಲೆ ಕೂತಿದ್ದಾಗ, ಅಯ್ಯೋ ಇನ್ನೂ ಸ್ವಲ್ಪ ಮುಗ್ಗಲು ಹೊಡೀತಿದೆಯಲ್ಲಾ ಅಂದೆ. ತಾಯಿ, ಜೋರಾಗಿ ಹೇಳಬೇಡಿ, ನನ್ನ ಮಗಳು ಹೊರಡೋದೇ ನಿಲ್ಲಿಸಿಬಿಡ್ತಾಳೆ, ಮುಂದಿನ ವರ್ಷ ಅನ್ನೋದು ನನಗಿಲ್ಲ ಅಂದ್ರು. ನನ್ನ ಮನಸ್ಸು ತಡೀಲಿಲ್ಲ. ಬಾಯಿ ಮುಚ್ಕೊಂಡು ಒಳಗೆ ಕೂತು ಟೀ ಕುಡಿದೆ. ಮುಂದಿನ ಕಡೆಯಿಂದ ಬರ್ತಾ ಇತ್ತು, ಎರಡನೇ ಲೋಟ ಕಷ್ಟಪಟ್ಟು ನುಂಗಿದೆ. ನನ್ನ ಮಾತಿಂದ ಏನಾಗಬೇಕು ಬಿಡು, ಇವರಿದ್ದಾರಲ್ಲ, ಬೀದಿಗೆಲ್ಲ ಹೆಸರಾದ ಮೂಗು. ಇದ್ರೆ ಇವರೇ ಹಿಡೀತಾರೆ ಅಂದ್ಕೊಂಡೆ."

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು. ಹೆಂಡತಿ ಅವನ ಮುಖ ನೋಡಿದಳು.

ಸುಮ್ಮನಿರಬಹುದಿತ್ತು. ಏನೂ ಆಗದಿರಲೂಬಹುದು. ಆದರೆ ಬಟ್ಟೆಯ ಕಿಟಕಿಗಳನ್ನು ಮುಚ್ಚಿದ ಆ ಹಾಸಿಗೆ, ತಲೆಯಿಂದ ಒಂದು ಮೊಳ ಮೇಲೆ ಆ ಮುಂಭಾಗದ ಅಸ್ತರು ಬಟ್ಟೆ, ಅದರ ಕೆಳಗೆ ಬಾಯಿ ತೆರೆದು ಉಸಿರೆಳೆಯುತ್ತಾ ಮಲಗಿದ ಮುದುಕ, ಈ ಚಿತ್ರ ಕಣ್ಣ ಮುಂದಿನಿಂದ ಸರಿಯಲಿಲ್ಲ. ಅವನು ಕೈ ತೊಳೆದು ಅಂಗಿ ಹಾಕಿಕೊಂಡ.

"ಎಲ್ಲಿಗೆ?" ಎಂದರು ಅತ್ತೆ.

"ಅವರ ಮನೆಗೆ. ನೀವೂ ಬನ್ನಿ ಅತ್ತೆ."

ದಾರಿಯುದ್ದಕ್ಕೂ ಅತ್ತೆ ಕೇಳುತ್ತಲೇ ಇದ್ದರು, ಏನಾಯಿತು, ಯಾಕೆ ಓಡುತ್ತಿದ್ದೀರಿ. ಬೀದಿಯ ತಿರುವಿನಲ್ಲಿ ಮೇಸ್ತ್ರಿ ನಿಂತ.

"ಅತ್ತೆ, ನನಗೆ ವಾಸನೆ ಬರಲ್ಲ."

"ಏನು?"

"ಮೂಗಿಲ್ಲ. ಆ ಜ್ವರ ಬಂದಾಗಿನಿಂದ. ನೀವು ಒಳಗೆ ಕೂತು ಟೀ ಕುಡೀತೀರಲ್ಲ, ಎರಡು ವರ್ಷದಿಂದ ಅದನ್ನ ನೋಡ್ಕೊಂಡೇ ನಾನು ಗಾಡಿ ವಾಪಸ್ ಕೊಡ್ತಿರೋದು."

ಅತ್ತೆ ನಿಧಾನವಾಗಿ, "ಅಂದ್ರೆ ನನ್ನನ್ನ ಯಂತ್ರ ಮಾಡ್ಕೊಂಡಿದ್ರಿ" ಎಂದರು.

"ಹೌದು."

"ಅತ್ತೆ ಬನ್ನಿ, ಅತ್ತೆ ಕೂತ್ಕೊಳ್ಳಿ ಅಂತ ಕರೀತಿದ್ರಲ್ಲ. ನಾನು ಮನೆಗೆ ಹೋಗಿ ಮಗಳ ಹತ್ರ ಹೇಳ್ಕೊಂಡೆ, ವಯಸ್ಸಾಗ್ತಾ ಅಳಿಯಂದ್ರಿಗೆ ನನ್ನ ಮೇಲೆ ಪ್ರೀತಿ ಬಂದಿದೆ ಅಂತ."

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಶಾಲು ಬಿಗಿ ಮಾಡಿಕೊಂಡು ಅವನಿಗಿಂತ ಮುಂದೆ ನಡೆದರು. "ಒಂದು ಮಾತು ಹೇಳಿದ್ದಿದ್ರೆ ನಾನು ಅವತ್ತು ಸುಮ್ಮನಿರ್ತಿದ್ನಾ?" ಎಂದು ತಿರುಗದೆಯೇ ಹೇಳಿದ್ದು ಕೇಳಿಸಿತು, ಅಷ್ಟೇ.

ವ್ಯಾನು ಬಾಗಿಲ ಮುಂದೆಯೇ ನಿಂತಿತ್ತು. ಒಳಗೆ ಹೊದಿಕೆ, ಔಷಧಿಯ ಪೆಟ್ಟಿಗೆ, ಆಮ್ಲಜನಕದ ಸಣ್ಣ ಸಿಲಿಂಡರು, ಎಲ್ಲ ಜೋಡಿಸಿಟ್ಟಾಗಿತ್ತು. ಮುದುಕಪ್ಪ ಮನೆಯ ಮೊದಲ ಕೋಣೆಯಲ್ಲಿ, ಹೋಗುವ ಬಟ್ಟೆ ಹಾಕಿಕೊಂಡೇ ಕೂತಿದ್ದರು. ಹೊರಡುವುದು ಬೆಳಿಗ್ಗೆ. ಶೂಗಳ ದಾರವನ್ನೂ ಕಟ್ಟಿಯಾಗಿತ್ತು.

ಮೇಸ್ತ್ರಿ ನಿಂತೇ ಹೇಳಿದ. ಸುತ್ತಿ ಬಳಸಿ ಹೇಳಲು ಬರಲಿಲ್ಲ. "ಇವತ್ತು ನಾನು ಹೇಳಿದ್ದು ಸುಳ್ಳಮ್ಮ. ನನ್ನ ಮೂಗು ಕೆಲಸ ಮಾಡಲ್ಲ, ಎರಡು ವರ್ಷವಾಯ್ತು. ವ್ಯಾನಿನಲ್ಲಿ ಇನ್ನೂ ಬೂಷ್ಟಿದೆ. ಇವರನ್ನ ಅದರಲ್ಲಿ ಮಲಗಿಸಬೇಡಿ."

ಡ್ರೈವರಮ್ಮನ ಕೈಯಲ್ಲಿ ಮಡಚುತ್ತಿದ್ದ ಟವೆಲ್ಲಿತ್ತು. ಅವಳು ಅದನ್ನು ಪೂರ್ತಿ ಮಡಚಿ ಕೆಳಗಿಟ್ಟಳು. "ನನ್ನ ಮುಖ ನೋಡಿ ಹೇಳಿದ್ರಲ್ಲ" ಎಂದಳು. ದನಿ ಏರಲಿಲ್ಲ. "ಕೈ ಹಿಡ್ಕೊಂಡಿದ್ದೆ ನಾನು."

"ಹೌದಮ್ಮ."

"ಯಾರಯ್ಯ ನಿನ್ನ ಕೇಳಿದ್ದು?" ಎಂದು ಮುದುಕಪ್ಪ ಗುಡುಗಿದರು. ಗುಡುಗು ಅರ್ಧಕ್ಕೇ ಕೆಮ್ಮಾಯಿತು. ಮಗಳು ಬೆನ್ನು ಸವರಿದಳು. ಅವರು ಅವಳ ಕೈ ತಳ್ಳಿದರು. "ನನ್ನ ಶ್ವಾಸಕೋಶ, ನನ್ನಿಷ್ಟ. ಇಲ್ಲಿ ಈ ಗೋಡೆ ನೋಡ್ಕೊಂಡು ಆರು ತಿಂಗಳು ಇರೋದಕ್ಕಿಂತ ಅಲ್ಲಿ ಆರು ದಿನ ಇರ್ತೀನಿ. ನೀವೂ ಮಾತು ಕೊಟ್ಟಿದ್ರಿ ತಾಯಿ."

"ಕೊಟ್ಟಿದ್ದೆ" ಎಂದರು ಅತ್ತೆ. "ತಪ್ಪು ಮಾಡಿದೆ. ನೀವು ಕೇಳಿದ್ದೂ ತಪ್ಪು. ರಸ್ತೆ ಮಧ್ಯದಲ್ಲಿ ನಿಮಗೇನಾದ್ರೂ ಆದ್ರೆ ಸ್ಟೀರಿಂಗು ಹಿಡಿದಿರೋಳು ಇವಳು. ಆಮೇಲೆ ಅದೇ ಕೈಯಲ್ಲಿ ಬಸ್ಸು ಓಡಿಸಬೇಕಲ್ಲ ಇವಳು, ದಿನಾ, ವರ್ಷಗಟ್ಟಲೆ. ಅದನ್ನ ಯೋಚನೆ ಮಾಡಿದ್ರಾ?"

ಮುದುಕಪ್ಪ ಬಗ್ಗಿ ಶೂಗಳ ದಾರ ಬಿಚ್ಚಿದರು. ಮಗಳ ಕಡೆ ನೋಡದೆ, ಮೇಸ್ತ್ರಿಯ ಕಡೆಗೆ ತಿರುಗಿದರು.

"ಎಷ್ಟು ದಿನ ಬೇಕು?"

"ಮುಂಭಾಗದ ಅಸ್ತರು ಬಟ್ಟೆ ಪೂರ್ತಿ ಕಿತ್ತುಹಾಕಬೇಕು. ಮತ್ತೆ ಅಂಟಿಸೋದಕ್ಕೆ ಆಗಲ್ಲ, ಬರೀ ಫೈಬರು ಕಾಣುತ್ತೆ. ತೊಳೆದು ಒಣಗಬೇಕು. ನಾಲ್ಕು ದಿನ."

"ಎರಡು."

"ಮೂರು" ಎಂದ ಮೇಸ್ತ್ರಿ. "ಅದಕ್ಕಿಂತ ಕಮ್ಮಿ ಹೇಳಿದ್ರೆ ಮತ್ತೆ ಸುಳ್ಳಾಗುತ್ತೆ."

ಡ್ರೈವರಮ್ಮ ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. ಅತ್ತೆಯ ಕೈಗೆ ಕೊಟ್ಟಳು.

ಶನಿವಾರ ಬೆಳಿಗ್ಗೆ ಮೇಸ್ತ್ರಿ ಕೀಲಿನ ಪಕ್ಕದಿಂದ ಅಸ್ತರು ಬಟ್ಟೆಗೆ ಚಾಕು ಹಾಕಿದ. ಬಟ್ಟೆಯ ಹಿಂದೆ ಬೆರಳು ದಪ್ಪದ ಸ್ಪಂಜಿನ ಪದರವಿತ್ತು. ಅದು ಕೈಗೆ ಒಣಗಿದ ರಸ್ಕಿನಂತೆ ಪುಡಿಪುಡಿಯಾಗಿ ಬಂತು. ಒಳಗೆಲ್ಲ ಕಪ್ಪು, ಹಸಿರು, ಬೂದಿ ಬಣ್ಣ. ಹಾಸಿಗೆಯಲ್ಲಿ ತಲೆ ಇಡುವ ಜಾಗದ ಮೇಲೆ ಸರಿಯಾಗಿ ಅದು ದೊಡ್ಡ ತಟ್ಟೆಯಷ್ಟಗಲ ಹಬ್ಬಿತ್ತು. ಮೇಸ್ತ್ರಿ ಮುಖವಸ್ತ್ರ ಸರಿಮಾಡಿಕೊಂಡು ಬಹಳ ಹೊತ್ತು ಅದನ್ನೇ ನೋಡಿದ. ಅದರಿಂದ ಒಂದು ಗೇಣು ದೂರದಲ್ಲಿ ಕೂತು ತಾನು ನೂರು ಎಣಿಸಿದ್ದ.

ಆ ಮೂರು ದಿನ ಅತ್ತೆ ಟೀ ತರಲಿಲ್ಲ. ಬರಿಗೈಯಲ್ಲಿ ಬರುತ್ತಿದ್ದರು, ಏಣಿ ಹತ್ತಿ ಮೇಲಿನ ಹಲಗೆಯ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ ಮೂಲೆ ಮೂಲೆಗೆ ಮುಖ ಒಡ್ಡುತ್ತಿದ್ದರು. "ಇಲ್ಲಿ" ಎಂದರೆ ಮೇಸ್ತ್ರಿ ಅಲ್ಲಿ ಉಜ್ಜುತ್ತಿದ್ದ. "ಇನ್ನೂ ಸ್ವಲ್ಪ ಎಡಕ್ಕೆ" ಎಂದರೆ ಎಡಕ್ಕೆ. ಎರಡು ವರ್ಷ ಅಷ್ಟು ಮಾತಾಡಿದ ಬಾಯಿ ಈಗ ಕೆಲಸಕ್ಕೆ ಬೇಕಾದಷ್ಟನ್ನೇ ಆಡುತ್ತಿತ್ತು. ಒಂದು ಸಲ ಮಾತ್ರ, ಇಳಿಯುವಾಗ ಏಣಿಯ ಮೇಲೆ ನಿಂತು, "ನಿಮ್ಮ ಮಗಳು ಹುಟ್ಟಿದಾಗ ಅವಳ ತಲೆ ಮೂಸಿ ಮೂಸಿ ನೋಡ್ತಿದ್ರಿ ನೀವು. ಅವೆಲ್ಲ ಹೋಯ್ತಾ?" ಎಂದು ಕೇಳಿದರು.

"ಹೋಯ್ತು ಅತ್ತೆ."

ಅವರು ಇಳಿಯುವಾಗ ಅವನ ಹೆಗಲ ಮೇಲೆ ಕೈಯಿಟ್ಟು ಇಳಿದರು. ಆಧಾರಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಆ ಕೈ ಅಲ್ಲಿತ್ತು.

ಸೋಮವಾರ ಸಂಜೆ ಅಪ್ಪ ಮಗಳು ಬಂದರು. ಒಂಬತ್ತು ದಿನದಲ್ಲಿ ಮೂರು ಹೋಗಿತ್ತು. ಚಾವಣಿ ಎತ್ತಿ ನಿಲ್ಲಿಸಿತ್ತು. ಒಳಗೆ ಬೆತ್ತಲೆ ಫೈಬರು, ಅಲ್ಲಲ್ಲಿ ಅಂಟಿನ ಗೀರು. ನೋಡಲು ಚೆನ್ನಾಗಿರಲಿಲ್ಲ. ಮುದುಕಪ್ಪ ದೂರದಲ್ಲೇ ಕುರ್ಚಿಯಲ್ಲಿ ಕೂತರು.

"ಹೋಯ್ತಾ?" ಎಂದಳು ಡ್ರೈವರಮ್ಮ.

ಹಳೇ ಅಭ್ಯಾಸ, ಉತ್ತರ ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡ.

"ನನಗೆ ಗೊತ್ತಿಲ್ಲಮ್ಮ" ಎಂದ. ಪಕ್ಕದ ಟಯರು ಅಂಗಡಿಯವನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳಲಿ. "ನನಗೆ ವಾಸನೆ ಗೊತ್ತಾಗಲ್ಲ. ಅತ್ತೆಯನ್ನ ಕೇಳಿ."

ಅತ್ತೆ ಮೇಲೆ ಹತ್ತಿದರು. ಬಟ್ಟೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಮಲಗಿದರು, ಮುದುಕಪ್ಪ ಮಲಗುವ ಹಾಗೆಯೇ, ತಲೆ ಮುಂದಕ್ಕೆ ಹಾಕಿ. ಕೆಳಗೆ ಮೂವರೂ ತಲೆಯೆತ್ತಿ ಕಾದರು. ಕ್ಯಾನ್ವಾಸಿನ ಆಚೆ ಅತ್ತೆ ಉಸಿರೆಳೆದುಕೊಳ್ಳುವುದು, ಬಿಡುವುದು, ಮತ್ತೆ ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಇಳಿದು ಬಂದವರು ಮೇಸ್ತ್ರಿಯ ಮುಖ ನೋಡಲಿಲ್ಲ. ನೇರ ಮುದುಕಪ್ಪನ ಕುರ್ಚಿಯ ಮುಂದೆ ಹೋಗಿ ನಿಂತರು.

"ಇನ್ನೊಂದು ದಿನ" ಎಂದರು. "ಬಲಗಡೆ ಹೊಲಿಗೆಯಲ್ಲಿ ಒಂದು ಎಳೆಯಷ್ಟಿದೆ. ಏನೂ ಇಲ್ಲ ಅಂತ ನಿಮಗೆ ಹೇಳೋದಕ್ಕೆ ನನಗೂ ಆಸೆ."

ಮುದುಕಪ್ಪ ಕಣ್ಣು ಮುಚ್ಚಿದರು. ಎದೆ ಏರಿತು, ಸದ್ದು ಮಾಡಿತು, ಇಳಿಯಿತು. ಇನ್ನೂ ಒಂದು ದಿನ ಕಳೆದರೆ ಉಳಿಯುವುದು ಐದು. ಮಗಳು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು.

"ನಾಳೆ ಸಂಜೆ ಬರ್ತೀವಿ" ಎಂದರು. ಆಮೇಲೆ ಮೇಸ್ತ್ರಿಗೆ, "ಬಲಗಡೆಯಂತೆ. ಹತ್ತಯ್ಯ ಮೇಲೆ" ಎಂದರು.

ಮೇಸ್ತ್ರಿ ಬ್ರಷ್ಷು ತೆಗೆದುಕೊಂಡು ಏಣಿ ಹತ್ತಿದ.